ಕಾನೋ ನಗರದಲ್ಲಿ ಹಿಂದಿ ಚಿತ್ರ: ಒಂದು ಸಾಂಸ್ಕೃತಿಕ ಆಮದಿನ ಇತಿಹಾಸ

ಒಂದು ನಾಡಿನ ಜನಪ್ರಿಯ ಕಲೆ ಇನ್ನೊಂದು ನಾಡನ್ನು ಹೊಕ್ಕಾಗ ಅಲ್ಲಿನ ಸಂಪ್ರದಾಯಕ್ಕೆ ಏನಾಗುತ್ತದೆ? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಹೊಗಿಸಿಕೊಂಡವರ ನೆಲೆಯಿಂದಲೇ ಕೇಳುತ್ತ ಬಂದಿದ್ದೇವೆ. ಅಮೆರಿಕದ ಚಲನಚಿತ್ರ, ಪಾಶ್ಚಾತ್ಯ ಸಂಗೀತ, ಪರದೇಶದ ಉಡುಗೆ ತೊಡುಗೆಗಳು ನಮ್ಮ ಆಚಾರ ವಿಚಾರಗಳನ್ನು ಹೇಗೆ ಬದಲಿಸಿದುವು ಎಂಬ ಚರ್ಚೆ ಒಂದು ಶತಮಾನದಿಂದ ನಡೆದಿದೆ. ಆದರೆ ಭಾರತವೂ ತನ್ನ ಜನಪ್ರಿಯ ಸಂಸ್ಕೃತಿಯನ್ನು ಹೊರನಾಡುಗಳಿಗೆ ಕಳುಹಿಸಿದ ದೇಶ. ಅದು ತಲಪಿದ ಕಡೆಗಳಲ್ಲಿ ಇದೇ ಆತಂಕ, ಇದೇ ವಾಗ್ವಾದ ನಮ್ಮ ಹಾಡು ಕುಣಿತಗಳನ್ನು ಕುರಿತು ನಡೆದಿದೆ. ಅಂಥ ಊರುಗಳಲ್ಲಿ ಮುಖ್ಯವಾದುದು ಪಶ್ಚಿಮ ಆಫ್ರಿಕಾದ ಉತ್ತರ ನೈಜೀರಿಯಾದಲ್ಲಿರುವ ಕಾನೋ. ಅಲ್ಲಿ ಹೇಳಿಕೊಳ್ಳುವಷ್ಟು ಭಾರತೀಯ ವಸತಿಯಿರಲಿಲ್ಲ. ಹಿಂದಿ ಬಲ್ಲವರೂ ಇರಲಿಲ್ಲ. ಆದರೂ ಹಿಂದಿ ಚಿತ್ರಗಳು ಆ ನಗರದ ಮೂರು ತಲೆಮಾರುಗಳ ಭಾವಜೀವನವನ್ನು ರೂಪಿಸಿದುವು. ಆ ಇತಿಹಾಸವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೋಟೆಯ ನಗರ

ಕಾನೋ ಹೌಸಾ ಭಾಷಿಕರ ಪ್ರಾಚೀನ ವಾಣಿಜ್ಯ ನಗರ. ಸಹರಾ ಮರುಭೂಮಿಯನ್ನು ದಾಟಿ ಬರುವ ಒಂಟೆಗಳ ಸಾರ್ಥಗಳಿಗೆ ಅದು ದಕ್ಷಿಣದ ನಿಲ್ದಾಣವಾಗಿತ್ತು. ಮಣ್ಣಿನ ಕೋಟೆ, ನೀಲಿ ಬಣ್ಣದ ಗುಂಡಿಗಳು, ಕುರ್ಮಿ ಎಂಬ ಹಳೆಯ ಮಾರುಕಟ್ಟೆ ಇವು ಅದರ ಗುರುತು. 1804ರಲ್ಲಿ ಉಸ್ಮಾನ್ ದಾನ್ ಫೋದಿಯೊ ಆರಂಭಿಸಿದ ಧರ್ಮಯುದ್ಧದಿಂದ ಸೊಕೊತೋ ಸಾಮ್ರಾಜ್ಯ ಹುಟ್ಟಿ, ಕಾನೋ ಅದರ ಒಂದು ಪ್ರಮುಖ ಅಂಗವಾಯಿತು. ಅರಬ್ಬಿ ವಿದ್ಯೆ, ಸೂಫಿ ಪಂಥಗಳು, ಉಲೇಮಾಗಳ ಪ್ರತಿಷ್ಠೆ ಅಲ್ಲಿ ಆಳವಾಗಿ ಬೇರುಬಿಟ್ಟುವು. 1903ರಲ್ಲಿ ಬ್ರಿಟಿಷರು ನಗರವನ್ನು ಗೆದ್ದರೂ ಅಮೀರನ ಪೀಠವನ್ನು ಉಳಿಸಿಯೇ ಆಳಿದರು. ಕ್ರೈಸ್ತ ಮಿಷನರಿಗಳ ಪ್ರವೇಶವನ್ನು ಬಹುಮಟ್ಟಿಗೆ ನಿರ್ಬಂಧಿಸಿದರು. ಇದರಿಂದ ಇಂಗ್ಲಿಷ್ ವಿದ್ಯೆ ದಕ್ಷಿಣ ನೈಜೀರಿಯಾದಲ್ಲಿ ಹರಡಿದಂತೆ ಉತ್ತರದಲ್ಲಿ ಹರಡಲಿಲ್ಲ. ಪಾಶ್ಚಾತ್ಯ ರೀತಿನೀತಿಗಳನ್ನು ಸಂಶಯದಿಂದ ನೋಡುವ ಮನೋಭಾವವೂ ಉಳಿದುಬಂದಿತು.

ಇಂಥ ನಗರಕ್ಕೆ ಚಲನಚಿತ್ರ ಬಂದದ್ದು ವಸಾಹತುಶಾಹಿಯ ಒಂದು ಅದ್ಭುತ ವಸ್ತುವಾಗಿ. ಸರಕಾರದ ಸಂಚಾರಿ ಪ್ರದರ್ಶನಗಳನ್ನು ಹೌಸಾ ಜನ 'ಮಜಿಗಿ' ಎಂದು ಕರೆದರು. ಇಂದ್ರಜಾಲವನ್ನು ಸೂಚಿಸುವ ಇಂಗ್ಲಿಷ್ ಮಾತಿನ ತದ್ಭವವದು. 1937ರಲ್ಲಿ ಲೆಬನಾನ್ ಮೂಲದ ವರ್ತಕರು ಕಾನೋದಲ್ಲಿ ರೆಕ್ಸ್ ಚಿತ್ರಮಂದಿರವನ್ನು ತೆರೆದರು. ಚಿತ್ರಮಂದಿರವೆಂದರೆ ಮರ್ಯಾದಸ್ಥರು ಹೋಗಬಾರದ ಸ್ಥಳವೆಂಬ ಭಾವನೆ ಮೊದಲಿನಿಂದಲೂ ಇತ್ತು. ಅಲ್ಲಿಗೆ ಹೋಗುವ ಹೆಂಗಸಿಗೆ ಒಳ್ಳೆಯ ಹೆಸರು ಉಳಿಯುತ್ತಿರಲಿಲ್ಲ. 1951ರ ಮೇ ತಿಂಗಳಲ್ಲಿ ಎಲ್ ದುನಿಯಾ ಚಿತ್ರಮಂದಿರಕ್ಕೆ ಬೆಂಕಿ ಬಿದ್ದು ಮುನ್ನೂರಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಅದು ದೈವಕೋಪವೆಂಬ ವದಂತಿ ನಗರದಲ್ಲಿ ಹಬ್ಬಿತು.

ಹಿಂದಿ ಚಿತ್ರವೇ ಏಕೆ?

1950ರ ದಶಕದಲ್ಲಿ ಲೆಬನಾನಿನ ವಿತರಕರು ಭಾರತೀಯ ಚಿತ್ರಗಳನ್ನು ತರಿಸತೊಡಗಿದರು. ಅವು ಅಗ್ಗವಾಗಿ ದೊರೆಯುತ್ತಿದ್ದುದು ಅವರಿಗೆ ಸಾಕಷ್ಟು ಕಾರಣವಾಗಿತ್ತು. ಇದರ ಹಿಂದೆ ಭಾರತ ಸರಕಾರದ ಸಂಕಲ್ಪವಾಗಲಿ ಮುಂಬಯಿಯ ನಿರ್ಮಾಪಕರ ಯೋಜನೆಯಾಗಲಿ ಇರಲಿಲ್ಲ. ಸ್ವದೇಶದಲ್ಲಿ ಆಗ ಈ ಕಲೆಗಿದ್ದ ಗೌರವವೂ ಅಷ್ಟರದೇ. 1952ರಲ್ಲಿ ಮಾಹಿತಿ ಮತ್ತು ಪ್ರಸಾರ ಸಚಿವರಾದ ಬಿ. ವಿ. ಕೇಸ್ಕರ್ ಅವರು ಚಿತ್ರಗೀತೆಗಳು ಶಾಸ್ತ್ರೀಯ ಸಂಗೀತಕ್ಕೆ ಕೇಡು ತರುತ್ತವೆಂದು ಆಕಾಶವಾಣಿಯಿಂದ ಅವನ್ನು ಬಹುಮಟ್ಟಿಗೆ ಹೊರಗಿಟ್ಟರು. ಕೇಳುಗರು ರೇಡಿಯೊ ಸಿಲೋನಿನ ಕಡೆಗೆ ತಿರುಗಿದರು. 1957ರಲ್ಲಿ ವಿವಿಧ ಭಾರತಿ ಆರಂಭವಾಗುವ ತನಕ ಈ ಸ್ಥಿತಿಯಿತ್ತು. ಭಾರತೀಯ ಸಂಪ್ರದಾಯಕ್ಕೆ ಅಪಾಯಕಾರಿಯೆಂದು ದೆಹಲಿ ಭಾವಿಸಿದ ಹಾಡುಗಳೇ ಮುಂದೆ ಕಾನೋದಲ್ಲಿ ಹೌಸಾ ಸಂಪ್ರದಾಯಕ್ಕೆ ಅಪಾಯಕಾರಿಯೆಂಬ ಅಪವಾದವನ್ನು ಹೊತ್ತುವು.

ಅಮೆರಿಕದ ಚಿತ್ರಗಳೂ ಕಾನೋದಲ್ಲಿ ಪ್ರದರ್ಶಿತವಾಗುತ್ತಿದ್ದುವು. ಆದರೂ ಹೌಸಾ ಪ್ರೇಕ್ಷಕನ ಒಲವು ಹಿಂದಿ ಚಿತ್ರದ ಕಡೆಗೆ ಹೋಯಿತು. 1957ರಲ್ಲಿ ಬಿಡುಗಡೆಯಾದ 'ಮದರ್ ಇಂಡಿಯಾ' ಅಲ್ಲಿ ದಶಕಗಳ ಕಾಲ ತುಂಬಿದ ಮಂದಿರಗಳಲ್ಲಿ ನಡೆಯಿತು. ಕಾನೋದಲ್ಲಿ ದೀರ್ಘಕಾಲ ಕ್ಷೇತ್ರಕಾರ್ಯ ಮಾಡಿದ ಮಾನವಶಾಸ್ತ್ರಜ್ಞ ಬ್ರಯನ್ ಲಾರ್ಕಿನ್ 1997ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದರ ಕಾರಣಗಳನ್ನು ವಿವೇಚಿಸಿದ್ದಾರೆ. ತೆರೆಯ ಮೇಲಿನ ಹೆಂಗಸರು ತಲೆಯ ಮೇಲೆ ಸೆರಗು ಹೊದೆಯುತ್ತಿದ್ದರು; ಗಂಡಸರು ನಿಲುವಂಗಿ, ಮುಂಡಾಸು ತೊಡುತ್ತಿದ್ದರು. ಕಥೆಯಲ್ಲಿ ಕೂಡುಕುಟುಂಬವಿತ್ತು, ಹಿರಿಯರ ಮಾತಿಗೆ ಬೆಲೆಯಿತ್ತು, ಮದುವೆಯ ವಿಸ್ತಾರವಾದ ಸಂಭ್ರಮವಿತ್ತು. ಪ್ರೇಮಿಗಳು ಹಾಡುತ್ತಿದ್ದರೇ ಹೊರತು ಮುತ್ತಿಡುತ್ತಿರಲಿಲ್ಲ. ಮಗಳನ್ನು ಹಣವಂತನಿಗೆ ಕೊಡಬೇಕೆನ್ನುವ ತಂದೆ, ಒಲಿದವನನ್ನೇ ವರಿಸಬೇಕೆನ್ನುವ ಮಗಳು ಇವರ ನಡುವಿನ ತಿಕ್ಕಾಟ ಕಾನೋದ ಪ್ರತಿ ಬೀದಿಯಲ್ಲಿಯೂ ಇದ್ದ ಸಂಗತಿ. ಪಾಶ್ಚಾತ್ಯರನ್ನು ಅನುಕರಿಸದೆಯೂ ಆಧುನಿಕರಾಗಬಹುದೆಂಬ ಒಂದು ಮಾದರಿ ಹೌಸಾ ಯುವಕರಿಗೆ ಇಲ್ಲಿ ದೊರೆಯಿತೆಂಬುದು ಲಾರ್ಕಿನ್ ಅವರ ಮುಖ್ಯ ಪ್ರತಿಪಾದನೆ.

ಭಾಷೆಯೂ ಪೂರ್ತಿ ಅಪರಿಚಿತವೆನಿಸಲಿಲ್ಲ. ಅರಬ್ಬಿಯಿಂದ ಬಂದ ಎಷ್ಟೋ ಶಬ್ದಗಳು ಹೌಸಾ ಮತ್ತು ಹಿಂದುಸ್ತಾನಿಗಳಿಗೆ ಸಮಾನ. ಹೌಸಾದಲ್ಲಿ ಲೋಕಕ್ಕೆ 'ದುನಿಯಾ', ಪ್ರತಿನಿಧಿಗೆ 'ವಕೀಲಿ', ಸಾಬೂನಿಗೆ 'ಸಾಬುಲು', ಲೇಖನಿಗೆ 'ಅಲ್‌ಕಲಾಮಿ'. ಕನ್ನಡಿಗರಿಗೂ ಇವು ಅಪರಿಚಿತವಲ್ಲ. ದುನಿಯಾ, ವಕೀಲ, ಸಾಬೂನು, ಕಲಮು ಇವೆಲ್ಲ ಅದೇ ಮೂಲದಿಂದ ಬೇರೆ ದಾರಿಯಲ್ಲಿ ನಮ್ಮಲ್ಲಿಗೂ ಬಂದ ಮಾತುಗಳು. ತೆರೆಯ ನಾಯಕರಿಗೆ ಪ್ರೇಕ್ಷಕರು ತಮ್ಮ ಭಾಷೆಯಲ್ಲಿಯೇ ಬಿರುದುಗಳನ್ನಿತ್ತರು. ಧರ್ಮೇಂದ್ರ 'ಸರ್ಕಿನ್ ಕರ್ಫಿ' ಆದರು, ಎಂದರೆ ಬಲದ ದೊರೆ. ಸಂಜಯ್ ದತ್ತರಿಗೆ 'ಪರವಾನಗಿಯುಳ್ಳ ಪುಂಡ' ಎಂಬರ್ಥದ ಹೆಸರು ಬಂತು. ಬಿರುದನ್ನು ಕೊಡುವುದು ಹೌಸಾ ಹೊಗಳುಭಟರ ಹಳೆಯ ವೃತ್ತಿ. ಹೊಸ ವಸ್ತುವಿಗೆ ಹಳೆಯ ಪದ್ಧತಿಯನ್ನು ಅನ್ವಯಿಸಿದುದಕ್ಕೆ ಇದು ಒಳ್ಳೆಯ ನಿದರ್ಶನ.

ಗಿಳಿಯ ಕಥೆಗಳು

ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. ಹೌಸಾ ಗದ್ಯಸಾಹಿತ್ಯದ ಶ್ರೇಷ್ಠ ಕೃತಿಗಳಲ್ಲಿ ಅಬೂಬಕರ್ ಇಮಾಮರ 'ಮಗಾನಾ ಜಾರಿ ಚೆ' ಒಂದು. 1930ರ ದಶಕದ ಕೊನೆಗೆ ಮೂರು ಸಂಪುಟಗಳಲ್ಲಿ ಹೊರಬಂದ ಈ ಕಥಾಸಂಗ್ರಹದಲ್ಲಿ ಒಂದು ಗಿಳಿಯಿದೆ. ರಾಜಕುಮಾರನು ಯುದ್ಧಕ್ಕೆ ಹೋಗದಂತೆ ತಡೆಯಲು ಅದು ಕಥೆಯ ಮೇಲೆ ಕಥೆ ಹೇಳುತ್ತದೆ. ಇದನ್ನು ಓದಿದ ಭಾರತೀಯನಿಗೆ 'ಶುಕಸಪ್ತತಿ' ನೆನಪಾಗದಿರದು. ಗಿಳಿಯ ಕಥೆಗಳನ್ನು ಹದಿನಾಲ್ಕನೆಯ ಶತಮಾನದಲ್ಲಿ ನಖ್ಶಬಿ ಪಾರಸಿಗೆ ತಂದು 'ತೂತಿನಾಮಾ' ರಚಿಸಿದನು. ಅಲ್ಲಿಂದ ಅವು ಇಸ್ಲಾಮೀ ಜಗತ್ತಿನಲ್ಲಿ ಹರಡಿದುವು. 'ಪಂಚತಂತ್ರ'ವೂ 'ಕಲೀಲಾ ವ ದಿಮ್ನಾ' ಎಂಬ ಅರಬ್ಬಿ ರೂಪದಲ್ಲಿ ಇಂಥದೇ ಪ್ರಯಾಣ ಮಾಡಿತು. ಈ ಎರಡು ಕಥಾಪರಂಪರೆಗಳನ್ನೂ ಪ್ರತಿಮಾಡಿ, ತಿದ್ದಿ, ಬೆಳೆಸಿ ಉಳಿಸಿದವರಲ್ಲಿ ಜೈನರ ಪಾತ್ರ ದೊಡ್ಡದು. 1199ರಲ್ಲಿ ಪೂರ್ಣಭದ್ರನು ಸಿದ್ಧಪಡಿಸಿದ 'ಪಂಚಾಖ್ಯಾನ' ಇದಕ್ಕೆ ಸಾಕ್ಷಿ. ಮುಂಬಯಿಯ ಚಿತ್ರ ಕಾನೋವನ್ನು ಮುಟ್ಟುವ ಮೊದಲೇ ಭಾರತೀಯ ಕಥನರೂಪವೊಂದು ಹೌಸಾ ಓದುಗನ ಕೈಸೇರಿತ್ತು. ಇಂದು 'ಮಗಾನಾ ಜಾರಿ ಚೆ'ಯನ್ನು ಯಾವ ಹೌಸಾ ವಿದ್ವಾಂಸನೂ ಪರದೇಶದ ದಾಳಿಯೆನ್ನುವುದಿಲ್ಲ. ಅದು ಶಾಲೆಗಳಲ್ಲಿ ಓದಿಸುವ ಅಭಿಜಾತ ಕೃತಿ.

ಅಂತಃಪುರದಲ್ಲಿ ಚಿತ್ರ, ಮಾರುಕಟ್ಟೆಯಲ್ಲಿ ಪುಸ್ತಕ

ಚಿತ್ರಮಂದಿರ ಗಂಡಸರ ಸ್ಥಳವಾಗಿದ್ದ ತನಕ ಹಿಂದಿ ಚಿತ್ರದ ಪ್ರಭಾವಕ್ಕೆ ಒಂದು ಮೇರೆಯಿತ್ತು. 1980ರ ದಶಕದಲ್ಲಿ ದೂರದರ್ಶನ ಕೇಂದ್ರಗಳು ವಾರವಾರವೂ ಹಿಂದಿ ಚಿತ್ರಗಳನ್ನು ತೋರಿಸತೊಡಗಿದುವು. ದುಬೈ ಮಾರ್ಗವಾಗಿ ಬರುವ ಅನಧಿಕೃತ ವಿಡಿಯೊ ಕ್ಯಾಸೆಟ್ಟುಗಳು ಅಂಗಡಿಗಳನ್ನು ತುಂಬಿದುವು. 'ಕುಲ್ಲೆ' ಎಂದು ಕರೆಯುವ ಗೋಷಾ ಪದ್ಧತಿಯಲ್ಲಿದ್ದ ಗೃಹಿಣಿಯರೂ ಹೆಣ್ಣುಮಕ್ಕಳೂ ಆಗ ಈ ಚಿತ್ರಗಳ ಅತ್ಯಾಸಕ್ತ ಪ್ರೇಕ್ಷಕರಾದರು. ಮುಂದೆ ನಡೆದುದಕ್ಕೆ ಈ ಬದಲಾವಣೆಯೇ ಮೂಲ.

ಇದೇ ಕಾಲದಲ್ಲಿ ಕಾನೋದ ಮಾರುಕಟ್ಟೆಗಳಲ್ಲಿ 'ಸೊಯಯ್ಯ' ಪುಸ್ತಕಗಳು, ಎಂದರೆ ಪ್ರೇಮದ ಪುಸ್ತಕಗಳು, ಕಾಣಿಸಿಕೊಂಡುವು. ಸಾಮಾನ್ಯ ಕಾಗದದಲ್ಲಿ ಅಚ್ಚಾದ ತೆಳುವಾದ ಹೊತ್ತಗೆಗಳವು. ಬರೆದವರು ಸಾಮಾನ್ಯ ವಿದ್ಯಾಭ್ಯಾಸದ ಯುವಕ ಯುವತಿಯರು. ಪ್ರಕಾಶಕರೂ ಹೆಚ್ಚಾಗಿ ಅವರೇ. ಅದೊ ಅಹ್ಮದ್ ಗಿದಾನ್ ದಬೀನೊ ಅವರ 'ಇನ್ ದಾ ಸೊ ದಾ ಕೌನಾ' ಈ ಪ್ರಕಾರದ ಅತಿ ಜನಪ್ರಿಯ ಕೃತಿ. ಹೆಂಗಸರಲ್ಲಿ ಬಲರಾಬಾ ರಮತ್ ಯಾಕುಬು ಅವರ ಹೆಸರು ಮುಖ್ಯ. ನೈಜೀರಿಯಾದ ರಾಷ್ಟ್ರಾಧ್ಯಕ್ಷರಾಗಿದ್ದ ಜನರಲ್ ಮುರ್ತಲಾ ಮುಹಮ್ಮದರ ಸಹೋದರಿಯಾದ ಈಕೆಗೆ ಎಳೆಯ ವಯಸ್ಸಿನಲ್ಲಿಯೇ ಮದುವೆಯಾಗಿತ್ತು. ಆ ಮದುವೆ ಮುರಿದ ಮೇಲೆ, ದೊಡ್ಡವರಾದ ಬಳಿಕ ಓದು ಬರಹ ಕಲಿತವರು. 'ವಾ ಜೈ ಔರಿ ಜಾಹಿಲಾ?' ಎಂಬ ಅವರ ಕಾದಂಬರಿಯ ಹೆಸರಿಗೆ 'ಓದಿಲ್ಲದವಳನ್ನು ಯಾರು ಮದುವೆಯಾಗುತ್ತಾರೆ?' ಎಂದರ್ಥ. ಬಲವಂತದಿಂದ ಮುದುಕನಿಗೆ ಕೊಟ್ಟ ಬಾಲಕಿಯೊಬ್ಬಳು ತಪ್ಪಿಸಿಕೊಂಡು, ಓದಿ, ತನ್ನ ಕಾಲ ಮೇಲೆ ನಿಲ್ಲುವ ಕಥೆಯದು. 1990ರಲ್ಲಿ ಬಂದ ಅವರ 'ಅಲ್ಹಾಕಿ ಕುಯ್‌ಕುಯೊ ನೆ' ಬಹುಪತ್ನೀತ್ವದ ಮನೆಯೊಂದರ ಕಥೆ. ಇದು ಇಂಗ್ಲಿಷಿಗೆ ಅನುವಾದವಾಗಿ 2012ರಲ್ಲಿ ಪ್ರಕಟವಾದುದು ಚೆನ್ನೈಯ ಬ್ಲಾಫ್ಟ್ ಪ್ರಕಾಶನದಿಂದ. ಮುಂಬಯಿಯ ಪ್ರೇಮಕಥೆಗಳನ್ನು ನೋಡುತ್ತ ಬೆಳೆದ ಸಾಹಿತ್ಯಪರಂಪರೆಯೊಂದು ಹೀಗೆ ಭಾರತದ ಮತ್ತೊಂದು ನಗರದ ಮುದ್ರಣಾಲಯಕ್ಕೆ ಬಂದು ಸೇರಿತು.

ಈ ಪುಸ್ತಕಗಳ ಕೇಂದ್ರದಲ್ಲಿದ್ದುದು 'ಔರೆನ್ ದೋಲೆ', ಅಂದರೆ ಬಲವಂತದ ಮದುವೆ. ಹಿಂದಿ ಚಿತ್ರಗಳು ಹೌಸಾ ತರುಣರಿಗೆ ಪ್ರೀತಿಸುವುದನ್ನು ಕಲಿಸಿದುವೆಂದು ಹಿರಿಯರು ದೂರಿದರು. ಪ್ರೀತಿ ಕಾನೋಗೆ ಹೊಸದಾಗಿ ಬಂದುದೇನಲ್ಲ. ಹೊಸದಾಗಿ ಬಂದುದು ಅದನ್ನು ತಂದೆಯೆದುರು ಹೇಳಲು ಒಂದು ಮಾತಿನ ರೀತಿ. ಮಗಳ ಒಪ್ಪಿಗೆಯ ಪ್ರಶ್ನೆಯನ್ನು ಕಥೆಯ ಪಾತ್ರದ ಬಾಯಲ್ಲಿಟ್ಟು ಹೇಳಿದಾಗ ಮನೆಯಲ್ಲಿ ಅದನ್ನು ಚರ್ಚಿಸಲು ಸಾಧ್ಯವಾಯಿತು.

ಧಾಟಿ ಮತ್ತು ಭಕ್ತಿ

ಅತ್ಯಂತ ಕುತೂಹಲಕರವಾದ ಬೆಳವಣಿಗೆ ನಡೆದದ್ದು ಧಾರ್ಮಿಕ ಸಂಗೀತದಲ್ಲಿ. ಕಾನೋದ ಸೂಫಿಗಳು 'ಬಂದಿರ್' ಎಂಬ ಚರ್ಮವಾದ್ಯವನ್ನು ಬಾರಿಸುತ್ತ ದೈವಸ್ಮರಣೆ ಮಾಡುವುದು ಹಳೆಯ ರೂಢಿ. ಕೆಲವು ತರುಣ ಗಾಯಕರು ಹಿಂದಿ ಚಿತ್ರಗೀತೆಗಳ ಧಾಟಿಗೆ ಪ್ರವಾದಿಯ ಸ್ತುತಿಗಳನ್ನು ಹೌಸಾದಲ್ಲಿ ರಚಿಸಿ ಬಂದಿರ್ ವಾದ್ಯದೊಡನೆ ಹಾಡತೊಡಗಿದರು. ಅಂಥ ಒಂದು ಮೇಳ ತನ್ನನ್ನು 'ಭಾರತಪ್ರಿಯರ ಸಂಘ' ಎಂಬರ್ಥದ ಹೆಸರಿನಿಂದ ಕರೆದುಕೊಂಡಿತು. ಕೇಳುವವನಿಗೆ ಮೂಲಗೀತೆ ಗುರುತು ಸಿಗುತ್ತದೆ. ಆ ರಾಗದ ಮೋಹವೇ ಅವನನ್ನು ಸ್ತೋತ್ರದ ಕಡೆಗೆ ಎಳೆಯುತ್ತದೆ. 1978ರಲ್ಲಿ ಸ್ಥಾಪಿತವಾದ ಇಜಾಲಾ ಎಂಬ ಸುಧಾರಣಾ ಪಂಥ ಸೂಫಿಗಳ ವಾದ್ಯಗಾಯನವನ್ನೇ ಒಪ್ಪದು. ಶೃಂಗಾರಗೀತೆಯ ಧಾಟಿ ಸೇರಿದರಂತೂ ಆಕ್ಷೇಪ ಇಮ್ಮಡಿಯಾಗುವುದು ಸಹಜ.

ಜೈನ ಸಾಹಿತ್ಯದ ಅಭ್ಯಾಸಿಗೆ ಇದು ಬಹಳ ಪರಿಚಿತವಾದ ವಿಷಯ. ಗುಜರಾತಿಯ ಜೈನ ರಾಸಕೃತಿಗಳಲ್ಲಿ ಪ್ರತಿಯೊಂದು 'ಢಾಲ'ದ ಆರಂಭದಲ್ಲಿ ಅದನ್ನು ಯಾವ 'ದೇಶಿ'ಯಲ್ಲಿ ಹಾಡಬೇಕೆಂಬ ಸೂಚನೆಯಿರುತ್ತದೆ. ಆ ದೇಶಿಗಳು ಅಂದಿನ ಜನಪ್ರಿಯ ಹಾಡುಗಳ ಧಾಟಿಗಳು; ಎಷ್ಟೋ ಲೌಕಿಕ ಪ್ರಣಯಗೀತೆಗಳು. ಮೋಹನಲಾಲ್ ದಲೀಚಂದ್ ದೇಸಾಯಿಯವರು 'ಜೈನ ಗುರ್ಜರ ಕವಿಓ' ಗ್ರಂಥದಲ್ಲಿ ಇವುಗಳ ದೀರ್ಘ ಸೂಚಿಯನ್ನೇ ಕೊಟ್ಟಿದ್ದಾರೆ. ಮುನಿಗಳು ರಚಿಸಿದ ಸ್ತವನಗಳ ತಲೆಯ ಮೇಲೆ ಲೌಕಿಕ ಹಾಡಿನ ಮೊದಲ ಮಾತು ಕುಳಿತಿರುವುದನ್ನು ಯಾರೂ ಅಪಚಾರವೆಂದು ಭಾವಿಸಲಿಲ್ಲ. ಇಂದು ನಮ್ಮ ಪಂಚಕಲ್ಯಾಣ ಮಹೋತ್ಸವಗಳಲ್ಲಿ ಚಲನಚಿತ್ರದ ಧಾಟಿಯ ಭಜನೆ ಕೇಳಿ ಮುಖ ಸಿಂಡರಿಸುವವರು ಈ ಪರಂಪರೆಯನ್ನು ಒಮ್ಮೆ ಗಮನಿಸಬೇಕು.

ಕಥೆಯ ವಿಷಯದಲ್ಲಿಯೂ ಹೀಗೆಯೇ. ಸಂಘದಾಸ ಗಣಿಯ 'ವಸುದೇವಹಿಂಡಿ' ಗುಣಾಢ್ಯನ 'ಬೃಹತ್ಕಥೆ'ಯ ಪ್ರಣಯ ಸಾಹಸಗಳನ್ನು ವಸುದೇವನಿಗೆ ಅನ್ವಯಿಸಿ ಜೈನಕಥೆಯಾಗಿಸಿತು. ಹರಿಭದ್ರ ಸೂರಿ ಕಥೆಗಳನ್ನು ಅರ್ಥ, ಕಾಮ, ಧರ್ಮ, ಸಂಕೀರ್ಣ ಎಂದು ವಿಭಾಗಿಸಿದನು. ಉದ್ದ್ಯೋತನ ಸೂರಿ 779ರಲ್ಲಿ ಮುಗಿಸಿದ 'ಕುವಲಯಮಾಲಾ'ವನ್ನು ಸಂಕೀರ್ಣಕಥೆಯಾಗಿಯೇ ಕಟ್ಟಿದನು. ನಮ್ಮ ಸದಲಗೆಯ ಡಾ. ಆ. ನೇ. ಉಪಾಧ್ಯೆಯವರ ಸಂಪಾದನೆಯಿಂದ ಆ ಕೃತಿ ಇಂದು ನಮಗೆ ಲಭ್ಯವಿದೆ. ಕಾಮಕಥೆಯಲ್ಲಿ ಮನಸ್ಸಿಟ್ಟ ಕೇಳುಗನನ್ನು ಅದೇ ದಾರಿಯಿಂದ ಧರ್ಮಕಥೆಗೆ ಒಯ್ಯಬೇಕೆಂಬುದು ಈ ಆಚಾರ್ಯರ ನಿಲುವಾಗಿತ್ತು. ಅವರು ಲೋಕಪ್ರಿಯ ವಸ್ತುವನ್ನು ತಳ್ಳಿಹಾಕಲಿಲ್ಲ. ಹಾಗೆಂದು ಬಂದಂತೆಯೇ ಒಪ್ಪಿಕೊಳ್ಳಲೂ ಇಲ್ಲ.

ಕ್ಯಾನಿವುಡ್ಡಿನ ಲಾಭ ನಷ್ಟಗಳು

ಸೊಯಯ್ಯ ಪುಸ್ತಕಗಳ ಲೇಖಕರಲ್ಲಿ ಹಲವರು ಮುಂದೆ ವಿಡಿಯೊ ಚಿತ್ರಗಳ ಕಡೆಗೆ ಬಂದರು. 1990ರ 'ತುರ್ಮಿನ್ ದಾನ್ಯ'ದೊಡನೆ ಹೌಸಾ ವಾಣಿಜ್ಯ ಚಿತ್ರೋದ್ಯಮ ಆರಂಭವಾಯಿತೆನ್ನುತ್ತಾರೆ. 1999ರಲ್ಲಿ ಒಂದು ಹೌಸಾ ಚಿತ್ರಪತ್ರಿಕೆ ಅದಕ್ಕೆ ಕ್ಯಾನಿವುಡ್ ಎಂಬ ಹೆಸರನ್ನಿಟ್ಟಿತು. ದಕ್ಷಿಣ ನೈಜೀರಿಯಾದ ಚಿತ್ರಗಳು ಮಾಟಮಂತ್ರ, ಅಪರಾಧಗಳ ಸುತ್ತ ಸುತ್ತುತ್ತಿದ್ದಾಗ ಹೌಸಾ ಚಿತ್ರಗಳಲ್ಲಿ ಪ್ರೇಮತ್ರಿಕೋಣ ಮತ್ತು ಹಾಡು ಕುಣಿತ ಪ್ರಧಾನವಾದುವು.

ಇಲ್ಲಿ ನಷ್ಟದ ಲೆಕ್ಕವನ್ನೂ ಬರೆಯಬೇಕು. ಕಾನೋದ ಬಾಯೆರೊ ವಿಶ್ವವಿದ್ಯಾಲಯದ ವಿದ್ವಾಂಸ ಅಬ್ದಲ್ಲಾ ಉಬಾ ಆದಮು ಅವರು ಹಿಂದಿ ಚಿತ್ರಗಳ ಕಥೆ, ದೃಶ್ಯ, ಧಾಟಿಗಳು ಹೌಸಾ ಚಿತ್ರಗಳಲ್ಲಿ ನೇರವಾಗಿ ಪುನರಾವರ್ತನೆಯಾದುದನ್ನು ವಿಸ್ತಾರವಾಗಿ ದಾಖಲಿಸಿದ್ದಾರೆ. ಹೌಸಾ ಸಂಗೀತಕ್ಕೆ ತನ್ನದೇ ಆದ 'ಕಲಂಗು' ಎಂಬ ಮದ್ದಳೆಯಿದೆ, 'ಗೋಗೆ' ಎಂಬ ತಂತಿವಾದ್ಯವಿದೆ. ಮಮ್ಮನ್ ಶಾತಾ ಅವರಂತಹ ಆಶುಕವಿ ಗಾಯಕರು ಬೆಳೆಸಿದ ದೊಡ್ಡ ಮೌಖಿಕ ಪರಂಪರೆಯಿದೆ. ಚಿತ್ರಗಳಲ್ಲಿ ಇವುಗಳ ಸ್ಥಾನವನ್ನು ವಿದ್ಯುನ್ಮಾನ ಕೀಬೋರ್ಡ್ ಆಕ್ರಮಿಸಿತು. ಶಾತಾ ತೀರಿಕೊಂಡದ್ದು 1999ರಲ್ಲಿ. ಕ್ಯಾನಿವುಡ್ ಹೆಸರು ಪಡೆದದ್ದೂ ಅದೇ ವರ್ಷ. ರಾತ್ರಿ ಅಜ್ಜಿಯರು ಮಕ್ಕಳಿಗೆ ಹೇಳುತ್ತಿದ್ದ 'ತಾತ್ಸುನಿಯಾ' ಎಂಬ ಕಥನಕ್ಕೂ ವಿಡಿಯೊ ಬಂದ ಮೇಲೆ ಕಿವಿಗೊಡುವವರು ಕಡಿಮೆಯಾದರು. ಮರುಸೃಷ್ಟಿಗೂ ನಕಲಿಗೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ಬಲರಾಬಾ ಅವರು ಚಿತ್ರಗಳು ಎತ್ತಿದ ಪ್ರಶ್ನೆಯನ್ನು ಕಾನೋದ ಮನೆಯೊಳಗೆ ಇಟ್ಟು ನೋಡಿದರು. ದೃಶ್ಯವನ್ನು ದೃಶ್ಯಕ್ಕೆ ಹೋಲಿಸಿ ತೆಗೆದ ನಿರ್ಮಾಪಕನಿಗೆ ಆ ಮನೆಯ ಅಗತ್ಯವೇ ಇರಲಿಲ್ಲ.

ಪ್ರತಿಕ್ರಿಯೆ ತೀವ್ರವಾಯಿತು. 2000ನೆಯ ವರ್ಷ ಕಾನೋ ರಾಜ್ಯದಲ್ಲಿ ಶರೀಅತ್ ಕಾನೂನು ಜಾರಿಗೆ ಬಂದು, ಆ ವರ್ಷಾಂತ್ಯದಲ್ಲಿ ಚಿತ್ರನಿರ್ಮಾಣವೇ ನಿಷಿದ್ಧವಾಯಿತು. ನಿರ್ಮಾಪಕರ ಮನವಿಯ ಮೇಲೆ 2001ರಲ್ಲಿ ಸೆನ್ಸಾರ್ ಮಂಡಲಿ ರಚನೆಯಾಗಿ, ಗಂಡು ಹೆಣ್ಣು ಒಟ್ಟಿಗೆ ಕುಣಿಯುವುದೇ ಮೊದಲಾದುವುಗಳ ಮೇಲೆ ನಿರ್ಬಂಧ ಬಂತು. 2007ರಲ್ಲಿ ನಟಿಯೊಬ್ಬರ ಖಾಸಗಿ ದೃಶ್ಯಗಳು ಮೊಬೈಲುಗಳಲ್ಲಿ ಹರಿದಾಡಿದ ಪ್ರಕರಣದಿಂದ ಮತ್ತೆ ನಿಷೇಧ ಹೇರಲಾಯಿತು. ಅದೇ ವರ್ಷ ಗವರ್ನರ್ ಇಬ್ರಾಹಿಂ ಶೆಕರಾವ್ ಅವರ ನೇತೃತ್ವದಲ್ಲಿ ಬಾಲಕಿಯರ ಶಾಲೆಯೊಂದರಲ್ಲಿ ಸೊಯಯ್ಯ ಪುಸ್ತಕಗಳನ್ನು ಸುಡಲಾಯಿತು. 2016ರಲ್ಲಿ ಕಾನೋ ಬಳಿ ಚಿತ್ರಗ್ರಾಮವೊಂದನ್ನು ಕಟ್ಟುವ ಕೇಂದ್ರ ಸರಕಾರದ ಯೋಜನೆ ಧರ್ಮಗುರುಗಳ ವಿರೋಧದಿಂದ ರದ್ದಾಯಿತು.

ಸುಟ್ಟ ಸ್ಥಳ ಬಾಲಕಿಯರ ಶಾಲೆಯೆಂಬುದನ್ನು ಗಮನಿಸಬೇಕು. ಸುಟ್ಟ ಪುಸ್ತಕಗಳು ಹಿಂದಿಯವಲ್ಲ, ಹೌಸಾ ಭಾಷೆಯವು. ಬರೆದವರೂ ಓದಿದವರೂ ಹೌಸಾ ಮುಸಲ್ಮಾನರು. ಮಗಳ ಮದುವೆಯನ್ನು ಯಾರು ನಿರ್ಣಯಿಸಬೇಕೆಂಬ ಒಳಮನೆಯ ವಿವಾದಕ್ಕೆ 'ಪರದೇಶದ ಪ್ರಭಾವ' ಎಂಬ ಹೆಸರು ಅನುಕೂಲವಾಗಿ ಒದಗಿತು. ಉಲೇಮಾಗಳ ಕಳವಳ ಸುಳ್ಳೆನ್ನಲಾಗದು. ಅನ್ಯದೇವತೆಗಳ ಪೂಜೆ, ಮೈಮರೆತ ಕುಣಿತ ಇವುಗಳನ್ನು ಮಕ್ಕಳು ದಿನವೂ ನೋಡುವುದನ್ನು ಯಾವ ಧರ್ಮದ ಹಿರಿಯರೂ ಸುಲಭವಾಗಿ ಒಪ್ಪಲಾರರು. ಒಂದು ನಯದಿಂದ ನೋಡಿದರೆ ಅವರು ತಮ್ಮ ಪರಂಪರೆಯನ್ನು ಕಾಯುತ್ತಿದ್ದರು. ಇನ್ನೊಂದು ನಯದಿಂದ ನೋಡಿದರೆ ಆ ಹೆಣ್ಣುಮಕ್ಕಳೂ ಅದೇ ಪರಂಪರೆಯ ವಾರಸುದಾರರು, ಅದರೊಳಗೆ ನಿಂತೇ ನ್ಯಾಯ ಕೇಳುತ್ತಿದ್ದವರು. ಎರಡನೆಯ ನಯವನ್ನು ಬಿಟ್ಟು ಬರೆದ ಸಾಂಸ್ಕೃತಿಕ ಇತಿಹಾಸ ಏಕಾಂತವಾಗುತ್ತದೆ.

ಕಳೆದ ದಶಕದಲ್ಲಿ ಭಾರತೀಯ ಚಿತ್ರಗಳನ್ನು ಹೌಸಾಕ್ಕೆ ಡಬ್ಬಿಂಗ್ ಮಾಡುವ ಉದ್ಯಮ ಬೆಳೆದು, ಅದರಿಂದ ತಮಗೆ ಹೊಡೆತವೆಂದು ಕ್ಯಾನಿವುಡ್ಡಿನವರೇ ದೂರುತ್ತಿದ್ದಾರೆ. 1960ರ ದಶಕದಿಂದ ಡಬ್ಬಿಂಗಿನ ವಿವಾದವನ್ನು ಕಂಡ ಕನ್ನಡಿಗರಿಗೆ ಈ ದೂರಿನ ಅರ್ಥ ಕೂಡಲೇ ತಿಳಿಯುತ್ತದೆ. ಡಬ್ಬಿಂಗಿನಲ್ಲಿ ಮಾತು ಮಾತ್ರ ಹೌಸಾ ಆಗುತ್ತದೆ; ಕಥೆಯನ್ನು ತನ್ನ ನೆಲಕ್ಕೆ ತಂದು ನಿಲ್ಲಿಸುವ ಲೇಖಕನಿಗೂ ಹಾಡು ಕಟ್ಟುವ ಗಾಯಕನಿಗೂ ಅಲ್ಲಿ ಕೆಲಸವಿಲ್ಲ. ಗಿಳಿಯ ಕಥೆಗೆ ಇಮಾಮರು ಸಿಕ್ಕಿದರು, ಪ್ರೇಮದ ಕಥೆಗೆ ಬಲರಾಬಾ ಸಿಕ್ಕಿದರು, ಧಾಟಿಗೆ ಬಂದಿರ್ ಗಾಯಕರು ಸಿಕ್ಕಿದರು. ಪರದೇಶದ ವಸ್ತು ಕಾನೋದ ಸ್ವತ್ತಾದುದು ಇಂಥವರ ಶ್ರಮದಿಂದ. ಆದ್ದರಿಂದ ಹೊರಗಿನಿಂದ ಬರುವ ವಸ್ತುವಿನ ಪ್ರಮಾಣವನ್ನು ಅಳೆಯುವುದಕ್ಕಿಂತ, ಅದನ್ನು ಪಡೆದು ತಿದ್ದಬಲ್ಲ ಲೇಖಕರು, ಗಾಯಕರು, ಓದುಗರು ಒಂದು ನಾಡಿನಲ್ಲಿ ಉಳಿದಿದ್ದಾರೆಯೇ ಎಂದು ನೋಡುವುದು ಇತಿಹಾಸಕಾರನಿಗೆ ಹೆಚ್ಚು ಪ್ರಯೋಜನಕರ. ಅಂಥವರ ಪುಸ್ತಕಗಳನ್ನು ಸುಡುವ ಕಾನೋದ ನಿರ್ಧಾರದಿಂದ ಮುಂಬಯಿಗೆ ಯಾವ ನಷ್ಟವೂ ಆಗಲಿಲ್ಲ. ಹಾನಿಯಾದುದು ಹೌಸಾ ಸಾಹಿತ್ಯಕ್ಕೆ.